ಹಿಂದಿನ ಕೋಣೆಯ ನೆಲ

ಮನೆ ಕೊಳ್ಳುವ ಹೆಂಗಸು ಫೋನಿನಲ್ಲಿ ವಿಳಾಸ ಹೇಳಿದಾಗ ನಾನು ಇನ್ನೊಂದು ಸಲ ಹೇಳಿಸಿಕೊಂಡೆ. ಜಯನಗರದ ಆ ಅಡ್ಡರಸ್ತೆ, ಮೂಲೆಯಿಂದ ಸ್ವಲ್ಪ ಒಳಗೆ, ಹಿಟ್ಟಿನ ಗಿರಣಿಯ ಎದುರಿಗೆ. ಗಿರಣಿ ಈಗಲೂ ಇದೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಶನಿವಾರ ಬೆಳಿಗ್ಗೆ ಬರುತ್ತೇನೆ ಎಂದಷ್ಟೇ ಹೇಳಿದೆ.

ಹೊಸ ಮನೆ ಕೊಳ್ಳುವವರು ನೋಂದಣಿಗೆ ಮೊದಲು ಹೊರಗಿನ ಒಬ್ಬ ಎಂಜಿನಿಯರಿಂದ ಪರೀಕ್ಷೆ ಮಾಡಿಸುವ ರೂಢಿ ಈಚೆಗೆ ನಮ್ಮ ಊರಿನಲ್ಲಿ ಬೆಳೆದಿದೆ. ನಾನು ಮಾಡುವುದು ಆ ಕೆಲಸ. ಗೋಡೆ ನೆಟ್ಟಗಿದೆಯೇ, ಬಚ್ಚಲಿನ ನೀರು ಸರಿಯಾದ ದಿಕ್ಕಿಗೆ ಹರಿಯುತ್ತದೆಯೇ, ಟೈಲ್ಸ್ ಕೆಳಗೆ ಟೊಳ್ಳಿದೆಯೇ, ಪ್ಲಗ್ಗುಗಳಿಗೆ ಅರ್ಥಿಂಗ್ ಕೊಟ್ಟಿದ್ದಾರೆಯೇ ಎಂದು ಒಂದೊಂದಾಗಿ ನೋಡಿ ಬರೆದುಕೊಡುತ್ತೇನೆ. ಬಿಲ್ಡರ್ ರಿಪೇರಿ ಮಾಡಿಸುತ್ತಾರೆ, ಕೊಳ್ಳುವವರು ಸಹಿ ಹಾಕುತ್ತಾರೆ, ನಾನು ಮುಂದಿನ ಮನೆಗೆ ಹೋಗುತ್ತೇನೆ. ಎಷ್ಟೋ ಮನೆಗಳು ನನಗೆ ನೆನಪೇ ಇಲ್ಲ. ಆದರೆ ಆ ಅಡ್ಡರಸ್ತೆಯಲ್ಲಿ ನಾನು ಹುಟ್ಟಿನಿಂದ ಒಂಬತ್ತನೇ ಕ್ಲಾಸಿನವರೆಗೆ ಇದ್ದೆ.

ಆಗ ಅಲ್ಲಿ ಒಂದು ವಠಾರ ಇತ್ತು. ಒಂದೇ ಸಾಲಿನಲ್ಲಿ ನಾಲ್ಕು ಮನೆ, ಮುಂದೆ ಉದ್ದಕ್ಕೆ ಜಗುಲಿ, ಹಿಂದೆ ಎಲ್ಲರಿಗೂ ಸೇರಿದ ಅಂಗಳ. ಅಪ್ಪ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದರು. ನಮ್ಮದು ಕೊನೆಯ ಮನೆ. ಮಾಲೀಕರು ಜಾಗ ಮಾರಿದ ಮೇಲೆ ನಾವು ಬನಶಂಕರಿಗೆ ಹೋದೆವು. ವಠಾರ ಉರುಳಿ ಅಲ್ಲಿ ಮರದ ಗೋಡೌನ್ ಬಂದಿತ್ತೆಂದು ಯಾರೋ ಹೇಳಿದ್ದರು. ಅಮ್ಮ ಇರುವವರೆಗೂ ಆ ರಸ್ತೆಗೆ ಹೋಗಲು ಒಪ್ಪುತ್ತಿರಲಿಲ್ಲ. "ಏನು ನೋಡೋಕೆ?" ಅನ್ನುತ್ತಿದ್ದಳು. ನಾನೂ ಹೋಗಿರಲಿಲ್ಲ.

ಶನಿವಾರ ಹೋದಾಗ ಗಿರಣಿ ಇರಲಿಲ್ಲ. ಅಲ್ಲಿ ಕನ್ನಡಕದ ಅಂಗಡಿ ಇತ್ತು, ಆದರೆ ಸುತ್ತಲಿನವರು ಇನ್ನೂ "ಗಿರಣಿ ಎದುರು" ಎಂದೇ ಗುರುತು ಹೇಳುತ್ತಿದ್ದರು. ಹೊಸ ಕಟ್ಟಡ ಬೂದು ಬಣ್ಣದ್ದು. ನೆಲಮಟ್ಟದಲ್ಲಿ ಮುಂಭಾಗವೆಲ್ಲ ಪಾರ್ಕಿಂಗ್, ಹಿಂಭಾಗದಲ್ಲಿ ಒಂದೇ ಒಂದು ಮನೆ. ಮೇಲೆ ಮೂರು ಅಂತಸ್ತಿನಲ್ಲಿ ಆರು ಮನೆ. ವಠಾರಕ್ಕೆ ಗೇಟು ಪಕ್ಕದ ಓಣಿಯಿಂದ ಇತ್ತು. ಈ ಕಟ್ಟಡಕ್ಕೆ ದೊಡ್ಡ ರಸ್ತೆಯಿಂದ. ಹಾಗಾಗಿ ಒಳಗೆ ಕಾಲಿಟ್ಟ ಮೇಲೆ ನಮ್ಮ ಮನೆ ಎಲ್ಲಿತ್ತು, ಜಗುಲಿ ಎಲ್ಲಿತ್ತು ಎಂದು ನನಗೆ ದಿಕ್ಕೇ ಹತ್ತಲಿಲ್ಲ. ಒಂದು ಕ್ಷಣ ನಿಂತು ನೋಡಿದೆ. ಆಮೇಲೆ ಬ್ಯಾಗು ಬಿಚ್ಚಿದೆ.

ಮನೆ ಕೊಳ್ಳುತ್ತಿದ್ದವರು ಗಂಡ ಹೆಂಡತಿ. ಹಾವೇರಿ ಕಡೆಯವರು, ಮಡಿವಾಳದ ಮಾರ್ಕೆಟ್ಟಿನ ಹತ್ತಿರ ಪಾತ್ರೆ ಅಂಗಡಿ ಇಟ್ಟುಕೊಂಡು ಬಹಳ ವರ್ಷಗಳಿಂದ ಬಿಟಿಎಂನಲ್ಲಿ ಬಾಡಿಗೆಗೆ ಇದ್ದರು. ಗಂಡನಿಗೆ ಒಂದು ಅಪಘಾತದಲ್ಲಿ ಎಡಗಾಲು ಹೋಗಿತ್ತು. ಕಂಕುಳ ಕೋಲು ಹಿಡಿದು ಸರಾಗವಾಗಿ ನಡೆಯುತ್ತಿದ್ದರು, ಆದರೆ ಮೆಟ್ಟಿಲು ಕಷ್ಟ. ಲಿಫ್ಟ್ ಕೆಟ್ಟ ದಿನ ಅಂಗಡಿ ಬಾಗಿಲು ತೆಗೆಯುವವರಿಲ್ಲ. ಅದಕ್ಕೇ ನೆಲಮಟ್ಟದ ಮನೆಯೇ ಬೇಕೆಂದು ದಕ್ಷಿಣ ಬೆಂಗಳೂರೆಲ್ಲ ಸುತ್ತಿ ಇದನ್ನು ಹುಡುಕಿದ್ದರು.

"ಜರಗನಹಳ್ಳಿಯಿಂದ ವಿಲ್ಸನ್ ಗಾರ್ಡನ್ ತನಕ ನೋಡಿದ್ವಿ ಮೇಡಂ," ಎಂದರು ಹೆಂಡತಿ. "ಎಲ್ಲ ಕಡೆ ಕೆಳಗೆ ಬರೀ ಪಾರ್ಕಿಂಗ್. ಮನೆ ಅಂತ ಕೆಳಗೆ ಕಟ್ಟಿರೋದು ಇದೊಂದೇ ಸಿಕ್ಕಿದ್ದು."

ನಾನು ಯಾವಾಗಲೂ ಮುಂಬಾಗಿಲಿನಿಂದ ಶುರುಮಾಡಿ ಎಡಗೋಡೆ ಹಿಡಿದು ಸುತ್ತು ಬರುತ್ತೇನೆ. ಹಾಲ್ ಚೆನ್ನಾಗಿತ್ತು. ಅಡುಗೆಮನೆಯ ಸಿಂಕಿನ ಕೆಳಗೆ ಸಣ್ಣ ಸೋರಿಕೆ. ಬಚ್ಚಲಿನ ಬಾಗಿಲ ಬಳಿ ಇಳಿಜಾರು ಉಲ್ಟಾ. ಇವೆಲ್ಲ ಪ್ರತಿ ಮನೆಯಲ್ಲೂ ಇರುವಂಥವು. ಬಿಲ್ಡರ್ ಕಡೆಯ ಸೈಟ್ ಎಂಜಿನಿಯರ್ ನನ್ನ ಹಿಂದೆಯೇ ಓಡಾಡುತ್ತ "ಆಗುತ್ತೆ ಮೇಡಂ, ಮಾಡಿಸ್ತೀನಿ" ಎನ್ನುತ್ತಿದ್ದರು. ಮೂವತ್ತು ದಾಟಿದ ಮನುಷ್ಯ, ಒಳ್ಳೆಯ ಸ್ವಭಾವದವರು. ಈ ಕಟ್ಟಡಕ್ಕೆ ಅವರು ಬಂದದ್ದು ಮೇಲಿನ ಅಂತಸ್ತು ಏಳುವ ಹೊತ್ತಿಗೆ. ಪಾಯ ಹಾಕಿಸಿದ ಎಂಜಿನಿಯರ್ ಕೆಲಸ ಬಿಟ್ಟು ಹೋಗಿಯಾಗಿತ್ತು.

ಹಿಂದಿನ ಮಲಗುವ ಕೋಣೆಗೆ ಬಂದೆ. ಟೈಲ್ಸ್ ಮೇಲೆ ಕಬ್ಬಿಣದ ಕೋಲಿನಿಂದ ತಟ್ಟುತ್ತ ಹೋದರೆ ಗಟ್ಟಿಯಿರುವ ಕಡೆ ಒಂದು ಸದ್ದು, ಟೊಳ್ಳಿರುವ ಕಡೆ ಇನ್ನೊಂದು. ಬಾಗಿಲ ಬಳಿ ಸರಿಯಾಗಿಯೇ ಇತ್ತು. ಕಿಟಕಿಯ ಕಡೆಗೆ ಹೋದಂತೆ ಸದ್ದು ಬದಲಾಯಿತು. ಒಂದೆರಡು ಟೈಲ್ಸ್ ಅಲ್ಲ, ಮೂಲೆಯೆಲ್ಲ ಮಡಕೆ ತಟ್ಟಿದಂತೆ ಕೇಳಿಸುತ್ತಿತ್ತು. ಗೋಡೆಯ ಬುಡದ ಪಟ್ಟಿಗೂ ನೆಲಕ್ಕೂ ನಡುವೆ ಸಂದು ಬಿಟ್ಟಿತ್ತು. ಬಾಗಿಲ ಕಡೆ ಉಗುರೂ ಹೋಗದು, ಕಿಟಕಿಯ ಕೆಳಗೆ ಒಂದು ನಾಣ್ಯ ಅಡ್ಡವಾಗಿ ತೂರುತ್ತಿತ್ತು. ಲೇಸರ್ ಇಟ್ಟು ನೋಡಿದೆ. ಗೋಡೆ ನೆಟ್ಟಗಿತ್ತು. ನೆಲ ಮಾತ್ರ ಆ ಮೂಲೆಗೆ ಇಳಿದಿತ್ತು.

"ಹೊಸ ಮಣ್ಣಲ್ವಾ ಮೇಡಂ, ಒಂಚೂರು ಕೂರುತ್ತೆ," ಎಂದರು ಸೈಟ್ ಎಂಜಿನಿಯರ್. "ಟೈಲ್ಸ್ ಎತ್ತಿಸಿ ಮಟ್ಟ ಮಾಡಿಸಿ ಕೊಡ್ತೀನಿ."

ಅವರು ಹೇಳಿದ್ದು ತಪ್ಪಲ್ಲ. ಪಾಯದ ಒಳಗೆ ತುಂಬಿದ ಮಣ್ಣನ್ನು ಸರಿಯಾಗಿ ನೀರು ಹಾಕಿ ಕುಟ್ಟಿ ದಮ್ಮಸ್ಸು ಮಾಡದಿದ್ದರೆ ನೆಲ ಕೂರುತ್ತದೆ. ಹಾಗೇ ಬರೆದುಕೊಟ್ಟೆ. ಎರಡು ವಾರದಲ್ಲಿ ಅವರು ಟೈಲ್ಸ್ ಎತ್ತಿಸಿ, ಗಾರೆ ಹಾಕಿಸಿ, ಮತ್ತೆ ಕೂರಿಸಿದರು. ನಾನು ಹೋಗಿ ನೋಡಿದಾಗ ಮಟ್ಟ ಸರಿಯಾಗಿತ್ತು. ಆದರೆ ಕಿಟಕಿಯ ಕೆಳಮೂಲೆಯಿಂದ ಗೋಡೆಯಲ್ಲಿ ಕೂದಲೆಳೆಯಷ್ಟು ಒಂದು ಓರೆ ಬಿರುಕು ಹೊಸದಾಗಿ ಕಂಡಿತು.

ಬಿರುಕು ಹಳೆಯದಾಗಿ ನಿಂತುಹೋದದ್ದೋ ಇನ್ನೂ ಬೆಳೆಯುತ್ತಿರುವುದೋ ಎಂದು ತಿಳಿಯಲು ಒಂದು ಹಳೆಯ ವಿಧಾನವಿದೆ. ತೆಳ್ಳಗಿನ ಗಾಜಿನ ಪಟ್ಟಿಯನ್ನು ಬಿರುಕಿನ ಅಡ್ಡಕ್ಕೆ ಇಟ್ಟು ಎರಡೂ ತುದಿಗೆ ಗಾರೆ ಮೆತ್ತಿ ಬಿಡುವುದು. ಗೋಡೆ ಅಲುಗದಿದ್ದರೆ ಗಾಜು ಹಾಗೇ ಇರುತ್ತದೆ. ಹಾಗೆ ಇಟ್ಟು ಬಂದೆ. ಆ ನಡುವೆ ಒಂದು ಒಳ್ಳೆಯ ಮಳೆ ಬಂತು. ಮಳೆಯಾದ ಮೂರನೇ ದಿನ ಹೆಂಡತಿ ಫೋನ್ ಮಾಡಿದರು.

"ಮೇಡಂ, ಗಾಜು ಎರಡು ತುಂಡಾಗಿದೆ. ನಾವು ಮುಟ್ಟಿಲ್ಲ, ದೇವರಾಣೆ."

ಸಂಜೆ ಐದರ ಹೊತ್ತಿಗೆ ಒಬ್ಬಳೇ ಹೋದೆ. ವಾಚ್‌ಮನ್ ಬೀಗ ತೆಗೆದುಕೊಟ್ಟ. ಗೋಡೆಯ ಬುಡದ ಪಟ್ಟಿಯ ಕೆಳಗೆ ಮತ್ತೆ ಸಂದು ಬಿಟ್ಟಿತ್ತು. ಹೊರಗೆ ಕಿಟಕಿಯ ಪಕ್ಕದಲ್ಲಿ ತಾರಸಿಯ ಮಳೆನೀರಿನ ಪೈಪು ಇಳಿದು ಒಂದು ಸಣ್ಣ ತೊಟ್ಟಿಗೆ ಬೀಳುತ್ತಿತ್ತು. ತೊಟ್ಟಿಯ ತಳಕ್ಕೆ ಗಾರೆಯೇ ಇರಲಿಲ್ಲ. ಒಂದು ಬಕೆಟ್ ನೀರು ಸುರಿದೆ. ಚರಂಡಿಗೆ ಹೋಗಬೇಕಾದ ನೀರು ಅಲ್ಲೇ ಇಂಗಿ ಕಾಣೆಯಾಯಿತು. ಇನ್ನೊಂದು ಸುರಿದೆ. ಅದೂ ಹೋಯಿತು. ಜಯನಗರದ ಕೆಂಪು ಜೇಡಿ ಅಷ್ಟು ಬೇಗ ನೀರು ಕುಡಿಯುವುದಿಲ್ಲ. ಕೆಳಗೆ ಏನೋ ಸಡಿಲವಾಗಿದೆ.

ಒಳಗೆ ಬಂದು ಕಿಟಕಿಯ ಬಳಿ ನಿಂತು ಯೋಚಿಸುತ್ತಿದ್ದೆ. ಕಾಂಪೌಂಡಿನ ಆಚೆ ಪಕ್ಕದ ಹಳೆಯ ಮನೆಯ ಹಿಂಗೋಡೆ ಕಾಣುತ್ತಿತ್ತು. ಅಡುಗೆಮನೆಯ ಹೊಗೆ ಹೋಗಲು ಮೇಲೆ ಒಂದು ದುಂಡನೆಯ ಬೆಳಕಿಂಡಿ, ಅದರಲ್ಲಿ ಕಮಲದ ಆಕಾರದ ಸಿಮೆಂಟ್ ಜಾಲರಿ. ಒಂದು ದಳ ಮುರಿದಿತ್ತು. ಒಳಗೆ ಯಾರೋ ಒಗ್ಗರಣೆ ಹಾಕಿದರು. ಇಂಗು, ಕರಿಬೇವಿನ ವಾಸನೆ ಆ ಕಿಂಡಿಯಿಂದ ಬಂತು.

ಆ ಮುರಿದ ದಳವನ್ನು ನಾನು ದಿನಾ ಬೆಳಿಗ್ಗೆ ನೋಡುತ್ತಿದ್ದೆ. ಹಲ್ಲುಜ್ಜುತ್ತ, ಬಿಂದಿಗೆ ಪಕ್ಕಕ್ಕಿಟ್ಟುಕೊಂಡು, ಸರದಿಗೆ ಕಾಯುತ್ತ. ಕಣ್ಣಿನ ಮಟ್ಟ ಬದಲಾಗಿತ್ತು, ಅಷ್ಟೆ. ಆಗ ತಲೆ ಎತ್ತಿ ನೋಡುತ್ತಿದ್ದೆ. ಅಂದರೆ ಈಗ ನಾನು ನಿಂತಿದ್ದದ್ದು ವಠಾರದ ಹಿಂದಿನ ಅಂಗಳದಲ್ಲಿ. ಅಂಗಳದ ಈ ಮೂಲೆಯಲ್ಲಿ ಬಾವಿ ಇತ್ತು.

ಕಾರಿನಲ್ಲಿ ಕುಳಿತು ತುಮಕೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ನನಗಿಂತ ಆರು ವರ್ಷ ದೊಡ್ಡವಳು. ನೀರು ಸೇದುವ ಕೆಲಸ ಹೆಚ್ಚು ಮಾಡಿದವಳು ಅವಳೇ.

"ಅಕ್ಕ, ವಠಾರದ ಬಾವಿ ಎಲ್ಲಿತ್ತು ಹೇಳು."

"ಏನೇ ಇದ್ದಕ್ಕಿದ್ದ ಹಾಗೆ? ಹಿಂದೆ ಇತ್ತು."

"ಹಿಂದೆ ಅಂದ್ರೆ ಎಲ್ಲಿ? ಕಾಂಪೌಂಡಿಗೆ ಎಷ್ಟು ಹತ್ರ?"

ಅವಳು ಒಂದೊಂದೇ ಗುರುತು ನೆನೆದು ಹೇಳತೊಡಗಿದಳು. ನಮ್ಮ ಅಡುಗೆಮನೆ ಬಾಗಿಲಿಂದ ಇಳಿದರೆ ಎಡಕ್ಕೆ ನುಗ್ಗೆಮರ. ಅದು ದಾಟಿದರೆ ಒಗೆಯುವ ಕಲ್ಲು. ಕಲ್ಲಿಗೂ ಬಾವಿಕಟ್ಟೆಗೂ ನಡುವೆ ಇಬ್ಬರು ಎದುರಾದರೆ ಒಬ್ಬರು ಓರೆಯಾಗಿ ಹೋಗಬೇಕು. "ಕಟ್ಟೆ ಆಚೆ ಕಡೆ, ಕಾಂಪೌಂಡ್ ಗೋಡೆ ಕಡೆ, ಯಾರೂ ಹೋಗ್ತಿರ್ಲಿಲ್ಲ ಕಣೇ. ಜಾಗಾನೇ ಇರ್ಲಿಲ್ಲ. ನೀನು ಒಬ್ಳು ತೂರ್ಕೊಂಡು ಹೋಗಿ ಬಚ್ಚಿಟ್ಕೋತಿದ್ದೆ. ಅಮ್ಮ ಬಾವಿಗೆ ಬಿದ್ಯೇನೋ ಅಂತ ಒಂದಿನ ಬಾಯಿ ಬಡ್ಕೊಂಡಿದ್ಲಲ್ಲ."

"ಪಕ್ಕದ ಮನೆ ಬೆಳಕಿಂಡಿ?"

"ಕಮಲದ್ದಾ? ರಾಟೆ ನೇರಕ್ಕೆ ಇತ್ತು. ಹಗ್ಗ ಎಳೆಯುವಾಗ ಎದುರಿಗೆ ಅದೇ ಕಾಣ್ತಿತ್ತು. ಆ ಆಂಟಿ ಮಾಡೋ ಹುಳಿ ವಾಸನೆಗೆ ಹಸಿವಾಗೋದು." ನಕ್ಕಳು. "ಯಾಕೆ ಕೇಳ್ತಿದೀಯಾ?"

ಹೇಳಿದೆ. ಅವಳ ನಗು ನಿಂತಿತು.

ಈಗ ನನ್ನ ಕಷ್ಟ ಶುರುವಾಯಿತು. ನಾನು ಅಳೆದದ್ದನ್ನು ಮಾತ್ರ ಬರೆಯುವವಳು. ನೆನಪನ್ನು ಯಾವ ಟೇಪಿನಿಂದ ಅಳೆಯಲಿ? ಬಿಲ್ಡರ್ ಮಣ್ಣು ಪರೀಕ್ಷೆ ಮಾಡಿಸಿದ್ದರು. ಕೊರೆದದ್ದು ಜಾಗದ ಮುಂದೆ ಒಂದು ಕಡೆ, ನಡುವೆ ಒಂದು ಕಡೆ. ಹಳೆಯ ನಕ್ಷೆಗಳಲ್ಲಿ ವಠಾರದ ಮನೆಗಳಿದ್ದವು, ಬಾವಿಯ ಗುರುತು ಇರಲಿಲ್ಲ. ಮೊದಲು ನನ್ನ ವರದಿಯಲ್ಲಿ ಬಾವಿಯ ಮಾತು ಎತ್ತದೆ, ನೆಲ ಇನ್ನೂ ಕುಸಿಯುತ್ತಿದೆ, ಕಾರಣ ತಿಳಿಯಲು ಅಗೆದು ನೋಡಬೇಕು ಎಂದಷ್ಟೇ ಬರೆದೆ.

ಮಾರನೇ ದಿನವೇ ಬಿಲ್ಡರ್ ನನಗೆ ಫೋನ್ ಮಾಡಿದರು. ಅರವತ್ತರ ಹತ್ತಿರದ ಮನುಷ್ಯ, ಮೇಸ್ತ್ರಿ ಕೆಲಸದಿಂದ ಮೇಲೆ ಬಂದವರು.

"ಮೇಡಂ, ಪೂರ್ತಿ ರೂಮು ಹೊಸ ಟೈಲ್ಸ್ ಹಾಕಿಸ್ತೀನಿ. ಆ ತೊಟ್ಟೀನೂ ಸರಿ ಮಾಡಿಸ್ತೀನಿ. ಶುಕ್ರವಾರ ರಿಜಿಸ್ಟ್ರೇಷನ್ ಮುಗಿಸ್ಕೊಳ್ಳಿ ಅಂತ ಅವ್ರಿಗೆ ಹೇಳಿ. ಇಲ್ಲಾಂದ್ರೆ ಇನ್ನೊಂದು ಪಾರ್ಟಿ ಕಾಯ್ತಾ ಇದಾರೆ."

ಗಂಡ ಹೆಂಡತಿಗೆ ಅದು ದೊಡ್ಡ ಮಾತು. ಬಾಡಿಗೆ ಮನೆ ಬಿಡುವುದಾಗಿ ಹೇಳಿಯಾಗಿತ್ತು, ಅಲ್ಲಿಗೆ ಬೇರೆಯವರು ಗೊತ್ತಾಗಿದ್ದರು. ಶುಕ್ರವಾರದ ಮುಹೂರ್ತ ಮಠದ ಅಯ್ಯನವರು ನೋಡಿಕೊಟ್ಟದ್ದು. ಇದು ಕೈಬಿಟ್ಟರೆ ಮತ್ತೆ ನೆಲಮಟ್ಟದ ಮನೆ ಸಿಗುವುದು ಯಾವಾಗಲೋ. ಅವರು ಹೆಚ್ಚು ಕಡಿಮೆ ಒಪ್ಪಿದ್ದರು. ನನ್ನನ್ನು ಕೊನೆಯ ಮಾತಿಗೆಂದು ಅಂಗಡಿಗೆ ಕರೆದರು.

ಮಡಿವಾಳದ ಆ ಅಂಗಡಿಯಲ್ಲಿ ಸ್ಟೀಲ್ ಡಬ್ಬಗಳ ಗೋಪುರದ ನಡುವೆ ಒಂದು ಸ್ಟೂಲ್ ಮೇಲೆ ಕೂತೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿದ್ದೆ. ಬಾವಿಯ ಮಾತು ಎತ್ತದೆ ಸುಮ್ಮನಿದ್ದರೆ ನನ್ನ ವರದಿ ಸರಿಯಾಗಿಯೇ ಇರುತ್ತದೆ, ಯಾರೂ ನನ್ನನ್ನು ಕೇಳುವಂತಿಲ್ಲ. ಎತ್ತಿ, ಅಗೆದು, ಅಲ್ಲಿ ಏನೂ ಸಿಗದಿದ್ದರೆ ಇವರ ಮನೆ ಹೋಗುತ್ತದೆ, ನನ್ನ ಹೆಸರೂ ಹೋಗುತ್ತದೆ. ಅಂಗಡಿಗೆ ಬಂದ ಗಿರಾಕಿ ಒಬ್ಬಳು ಹಾಲಿನ ಪಾತ್ರೆಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಬೇಡವೆಂದು ಇಟ್ಟು ಹೋದಳು. ಆಕೆ ಹೋದ ಮೇಲೆ ಹೇಳಿಬಿಟ್ಟೆ.

"ಆ ಜಾಗದಲ್ಲಿ ನಾನು ಚಿಕ್ಕವಳಿದ್ದಾಗ ಬಾಡಿಗೆಗೆ ಇದ್ವಿ. ಅಲ್ಲೊಂದು ಬಾವಿ ಇತ್ತು. ನಿಮ್ಮ ಹಿಂದಿನ ರೂಮಿನ ಕೆಳಗೆ ಇರಬೇಕು ಅನ್ಸುತ್ತೆ."

ಹೆಂಡತಿ ನನ್ನ ಮುಖವನ್ನೇ ನೋಡಿದರು. "ಗ್ಯಾರಂಟಿನಾ ಮೇಡಂ?"

"ಬಾವಿ ಇದ್ದದ್ದು ಗ್ಯಾರಂಟಿ. ಅದೇ ರೂಮು ಅನ್ನೋದು ಗ್ಯಾರಂಟಿ ಇಲ್ಲ."

"ಅಯ್ಯೋ, ಇದನ್ನ ಮೊದಲೇ ಹೇಳಬಾರದಿತ್ತಾ?"

"ನಂಗೂ ಮೊನ್ನೆನೇ ಹೊಳೆದಿದ್ದು."

ಆಕೆ ಗಂಡನ ಕಡೆ ತಿರುಗಿದರು. "ಏನ್ರೀ ಮಾಡೋದು? ಶುಕ್ರವಾರ ಬಿಟ್ರೆ ಮನೆ ಹೋಗ್ತೈತಿ."

ಗಂಡ ಗಲ್ಲಾದ ಹಿಂದೆ ಕೂತು ಎಲ್ಲ ಕೇಳುತ್ತಿದ್ದರು. ನಿಧಾನವಾಗಿ ಹೇಳಿದರು: "ಹೋದ್ರ ಹೋಗ್ಲಿ ಬಿಡು. ನೆಲದ ಮ್ಯಾಲೆ ನಂಬಿಕಿ ಇಟ್ಟು ನಡಿಯೋನು ನಾನು. ಒಡದು ನೋಡ್ಲಿ."

ಬಿಲ್ಡರ್ ಒಪ್ಪಲು ಎರಡು ದಿನ ಹಿಡಿಯಿತು. "ಬಾವಿನಾ? ಯಾವ ಬಾವಿ? ನಾನು ಜಾಗ ತಗೊಂಡಾಗ ಗೋಡೌನ್ ಇತ್ತು, ನೆಲಕ್ಕೆಲ್ಲ ಕಾಂಕ್ರೀಟ್ ಇತ್ತು," ಎಂದರು. ಅದು ಸುಳ್ಳಲ್ಲ ಎಂದು ನನಗನ್ನಿಸಿತು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. ಗುರುವಾರ ಅಗೆಯುವುದು. ಏನೂ ಸಿಗದಿದ್ದರೆ ಶುಕ್ರವಾರ ಮರುಮಾತಿಲ್ಲದೆ ನೋಂದಣಿ.

ಗುರುವಾರ ಬೆಳಿಗ್ಗೆ ಎಲ್ಲರೂ ಆ ಕೋಣೆಯಲ್ಲಿ ಸೇರಿದೆವು. ಬೆಳಕಿಂಡಿಯ ನೇರ ಹಿಡಿದು ಒಂದು ದಾರ ಎಳೆದು, ಕಾಂಪೌಂಡ್ ಗೋಡೆಯಿಂದ ಅಕ್ಕ ಹೇಳಿದ ಗುರುತುಗಳನ್ನು ಲೆಕ್ಕ ಹಾಕಿ, ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತ ಬರೆದೆ. ಕೆಲಸದವರು ಟೈಲ್ಸ್ ಎತ್ತಿದರು. ಅದರ ಕೆಳಗಿನ ಕಾಂಕ್ರೀಟನ್ನು ಒಡೆದಾಗ ಹಾರೆ ಸರಕ್ಕನೆ ಒಳಗೆ ಹೋಯಿತು. ಕಾಂಕ್ರೀಟಿನ ಕೆಳಗೆ ಅಂಗೈ ಎತ್ತರದಷ್ಟು ಖಾಲಿ ಇತ್ತು. ಮಣ್ಣು ಕೆಳಗಿಳಿದು ನೆಲ ತೊಟ್ಟಿಲಿನಂತೆ ತೂಗಿಕೊಂಡಿತ್ತು.

"ಇದೇ ನಾನು ಹೇಳಿದ್ದು," ಎಂದರು ಬಿಲ್ಡರ್. "ಮಣ್ಣು ಕೂತಿದೆ. ಗಟ್ಟಿ ಮಾಡಿ ಮುಚ್ಚಿದ್ರಾಯ್ತು."

"ಇನ್ನೂ ಅಗೀಲಿ ಸಾರ್."

ಅಗೆದರು. ಬಾಂಡ್ಲಿ ಬಾಂಡ್ಲಿ ಮಣ್ಣು ಹೊರಗೆ ಹೋಯಿತು. ಅದರಲ್ಲಿ ಇಟ್ಟಿಗೆ ಚೂರು, ಒಡೆದ ಹೆಂಚು, ಕೊಳೆತ ಮರದ ಸಿಪ್ಪೆ. ಎಲ್ಲ ತುಂಬಿದ ಮಣ್ಣೇ, ಆದರೆ ಪಾಯ ತುಂಬುವಾಗ ಇಂಥದನ್ನು ಸುರಿಯುವವರು ಬೇಕಾದಷ್ಟು ಜನ. ಬಾವಿಯ ಸುತ್ತುಗಲ್ಲಿನ ಸುಳಿವಿಲ್ಲ. ಸೊಂಟದ ಆಳ ಇಳಿದಾಗ ಮಧ್ಯಾಹ್ನವಾಗಿತ್ತು. ಕೆಲಸದವರು ಊಟಕ್ಕೆ ಮೇಲೆ ಬಂದರು. ಬಿಲ್ಡರ್ ಗಡಿಯಾರ ನೋಡಿಕೊಂಡರು. ಹೆಂಡತಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದರು, ನನ್ನ ಕಡೆ ನೋಡುತ್ತಿರಲಿಲ್ಲ.

ನಾನು ಹೊರಗೆ ಬಂದು ಕಾಂಪೌಂಡಿನ ಪಕ್ಕ ನಿಂತೆ. ಅಕ್ಕನ ಮಾತುಗಳನ್ನು ಒಂದೊಂದಾಗಿ ಮತ್ತೆ ನೆನೆದೆ. ನುಗ್ಗೆಮರ, ಕಲ್ಲು, ಓರೆಯಾಗಿ ಹೋಗುವ ದಾರಿ. ಅವಳು ರಾಟೆಯ ಎದುರು ನಿಂತವಳು. ನಾನು ಬಚ್ಚಿಟ್ಟುಕೊಳ್ಳುತ್ತಿದ್ದದ್ದು ಕಟ್ಟೆಗೂ ಗೋಡೆಗೂ ನಡುವೆ. ಒಂದು ಪುಟ್ಟ ಮೈ ಮಾತ್ರ ತೂರುವಷ್ಟು ಜಾಗ. ಈಗಿನ ಕಾಂಪೌಂಡ್ ಗೋಡೆಯನ್ನು ನೋಡಿದೆ. ಬಿಲ್ಡರ್ ಕಟ್ಟಿಸಿದ ಹೊಸ ಬ್ಲಾಕಿನ ಗೋಡೆ. ಅದರ ಆಚೆ, ಪಕ್ಕದ ಮನೆಯ ಕಡೆ, ಸಂದಿನಲ್ಲಿ ಹಳೆಯ ಕಲ್ಲುಗೋಡೆಯ ಬುಡ ಇನ್ನೂ ಉಳಿದಿತ್ತು. ಎರಡರ ನಡುವೆ ಎರಡು ಅಡಿಯಷ್ಟು ಅಂತರ. ಅಂದರೆ ಹಳೆಯ ಗೋಡೆ ಇನ್ನೂ ಆಚೆ ಇತ್ತು. ನಾನು ಹೊಸ ಗೋಡೆಯಿಂದ ಅಳೆದಿದ್ದೆ.

ಒಳಗೆ ಹೋಗಿ ಹೇಳಿದೆ: "ಕಿಟಕಿ ಕಡೆಗೆ ಇನ್ನೂ ಎರಡಡಿ ಹೋಗಬೇಕು."

ಬಿಲ್ಡರ್ ಉಸಿರು ಬಿಟ್ಟರು. "ಮೇಡಂ, ಹೀಗೇ ಹೋದ್ರೆ ಪಕ್ಕದ ಮನೇನೂ ಅಗೀಬೇಕಾಗುತ್ತೆ."

"ಎರಡಡಿ ಸಾರ್. ಸಿಗದಿದ್ರೆ ನಾಳೆ ನಾನೇ ನೋಂದಣಿ ಆಫೀಸಿಗೆ ಬಂದು ಇವರಿಗೆ ಸಹಿ ಹಾಕಿ ಅಂತ ಹೇಳ್ತೀನಿ."

ಅವರು ಕೈ ಸನ್ನೆ ಮಾಡಿದರು. ಊಟ ಮುಗಿಸಿದ ಕೆಲಸದವರು ಮತ್ತೆ ಇಳಿದರು. ಸ್ವಲ್ಪ ಹೊತ್ತಿನಲ್ಲೇ ಹಾರೆಯ ತುದಿಗೆ ಕಲ್ಲು ಸಿಕ್ಕಿತು. ಕೆಳಗಿದ್ದವನು ಕೈಯಿಂದಲೇ ಮಣ್ಣು ಸರಿಸಿದ. ಒಂದು ಕೆತ್ತಿದ ಸೈಜುಗಲ್ಲು, ಅದರ ಪಕ್ಕ ಇನ್ನೊಂದು, ಮತ್ತೊಂದು. ಕಲ್ಲುಗಳ ಒಳಮುಖ ನೆಟ್ಟಗಿರಲಿಲ್ಲ, ಬಾಗಿತ್ತು. ಸಾಲು ದುಂಡಗೆ ತಿರುಗುತ್ತಿತ್ತು.

ಸೈಟ್ ಎಂಜಿನಿಯರ್ ಗುಂಡಿಗೆ ಇಳಿದು, ಮೂಲೆಯ ಪಿಲ್ಲರಿನ ಪಾಯಕ್ಕೂ ಆ ಕಲ್ಲಿಗೂ ನಡುವೆ ಟೇಪು ಹಿಡಿದರು. ಆಮೇಲೆ ತಲೆ ಎತ್ತಿ ಬಿಲ್ಡರ್ ಕಡೆ ನೋಡಿದರು. "ಒಂದು ಮೊಳಾನೂ ಇಲ್ಲ ಸಾರ್."

ಬಿಲ್ಡರ್ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ನಾನು ಹಿಂದೆ ಹೋದೆ. ಅವರು ಸಿಟ್ಟಾಗುತ್ತಾರೆಂದು ನಾನು ಎಣಿಸಿದ್ದೆ. ಅವರು ಕೈಗೆ ಹತ್ತಿದ್ದ ಮಣ್ಣನ್ನು ಉಜ್ಜಿಕೊಳ್ಳುತ್ತಿದ್ದರು.

"ಮೇಲೆ ಆರು ಮನೆ ಇದೆ ಮೇಡಂ," ಎಂದರು. "ಆರೂ ಮಾರಿದೀನಿ. ಎರಡರಲ್ಲಿ ಜನ ಬಂದು ಸೇರ್ಕೊಂಡಿದಾರೆ. ಮಕ್ಕಳಿದಾವೆ."

"ಪಿಲ್ಲರಿಗೆ ಇನ್ನೂ ಏನೂ ಆಗಿಲ್ಲ ಸಾರ್. ಲೇಸರಲ್ಲಿ ನೋಡಿದೀನಿ, ನೆಟ್ಟಗಿದೆ. ಈಗಲೇ ಮಾಡಿದ್ರೆ ಆಗುತ್ತೆ."

"ಮಾಡಿಸ್ತೀನಿ. ಏನು ಮಾಡ್ಬೇಕು ಅಂತ ಹೇಳಿ, ಮಾಡಿಸ್ತೀನಿ."

ಹಾಗೆ ಅಂದವರು ಹಾಗೇ ನಡೆದುಕೊಂಡರು, ಅದನ್ನು ಇಲ್ಲಿ ಹೇಳಲೇಬೇಕು. ಅಂದು ಸಂಜೆಯೇ ಸ್ಟ್ರಕ್ಚರಲ್ ಎಂಜಿನಿಯರ್ ಬಂದರು. ಮಳೆನೀರು ಹೀಗೇ ಇಳಿಯುತ್ತ ಹೋದರೆ ಬಾವಿಯೊಳಗಿನ ಸಡಿಲ ಮಣ್ಣು ಕುಸಿದು, ಪಿಲ್ಲರಿನ ಕೆಳಗಿನ ಮಣ್ಣೂ ಅತ್ತ ಜಾರುತ್ತದೆ ಎಂದರು. ಮೊದಲು ಪಿಲ್ಲರಿಗೆ ಕಬ್ಬಿಣದ ಆಸರೆ ಕೊಡುವುದು, ಮಳೆನೀರಿನ ಪೈಪನ್ನು ಮುಂದುಗಡೆಗೆ ತಿರುಗಿಸುವುದು. ಆಮೇಲೆ ಬಾವಿಯನ್ನು ಸ್ವಲ್ಪ ಸ್ವಲ್ಪವೇ ಖಾಲಿ ಮಾಡುತ್ತ, ಸುತ್ತಿನ ಕಲ್ಲು ಅಲುಗದಂತೆ ಒಳಗಿನಿಂದ ಕಬ್ಬಿಣದ ರಿಂಗು ಕೊಡುತ್ತ, ಗಟ್ಟಿ ತಳ ಸಿಕ್ಕ ಮೇಲೆ ಕಾಂಕ್ರೀಟ್ ತುಂಬಿ, ಮೇಲೆ ಒಂದು ದಪ್ಪ ತೊಲೆ ಹಾಯಿಸುವುದು. ಮೇಲಿದ್ದ ಎರಡು ಸಂಸಾರಗಳಿಗೆ ಅದು ಮುಗಿಯುವವರೆಗೆ ಬೇರೆ ಕಡೆ ವ್ಯವಸ್ಥೆಯಾಯಿತು. ಗಂಡ ಹೆಂಡತಿ ತಮ್ಮ ಸಾಮಾನನ್ನೆಲ್ಲ ಅಂಗಡಿಯ ಅಟ್ಟಕ್ಕೆ ಏರಿಸಿ, ಸಂಬಂಧಿಕರ ಮನೆಯ ಒಂದು ಕೋಣೆಗೆ ಹೋದರು. ಶುಕ್ರವಾರದ ಮುಹೂರ್ತ ಹೋಯಿತು. ಕಾಯುತ್ತಿದ್ದ ಆ ಇನ್ನೊಂದು ಪಾರ್ಟಿಯ ಮಾತನ್ನು ಮಾತ್ರ ಆಮೇಲೆ ಯಾರೂ ಎತ್ತಲಿಲ್ಲ.

ಬಾವಿ ತಳದವರೆಗೆ ಖಾಲಿಯಾದ ಮಾರನೇ ದಿನ ಅಕ್ಕ ತುಮಕೂರಿನಿಂದ ಬೆಳಗಿನ ಬಸ್ಸಿಗೆ ಬಂದಳು. ನಾನು ಬಾ ಎಂದಿರಲಿಲ್ಲ. "ನಾಳೆ ಕಾಂಕ್ರೀಟ್ ಹಾಕ್ತಾರೆ" ಎಂದಷ್ಟೇ ಹೇಳಿದ್ದೆ. ಮಂಡಿನೋವಿನವಳು, ಮೆಟ್ಟಿಲಿಲ್ಲದಿದ್ದದ್ದು ಅವಳಿಗೂ ಅನುಕೂಲವಾಯಿತು. ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಸೈಟಿನಲ್ಲಿ ಚಪ್ಪಲಿ ಬಿಡಬಾರದು, ಮೊಳೆ ಇರುತ್ತದೆ ಎಂದರೆ ಕೇಳಲಿಲ್ಲ.

ಅಂಚಿಗೆ ಹಲಗೆ ಹಾಕಿದ್ದರು. ನನ್ನ ತೋಳು ಹಿಡಿದು ಬಗ್ಗಿ ನೋಡಿದಳು. ತಳದಲ್ಲಿ ನೀರು ಬಂದಿತ್ತು, ಹೆಚ್ಚೇನಲ್ಲ, ಒಂದು ಅಗಲ ತಟ್ಟೆಯಷ್ಟು. ಕಿಟಕಿಯ ಬೆಳಕು ಅದರ ಮೇಲೆ ಬಿದ್ದಿತ್ತು. ಕಲ್ಲಿನ ಒಂದು ಕಡೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ಕಚ್ಚುಗಳು, ಅಕ್ಕಪಕ್ಕದಲ್ಲಿ ಸಾಲಾಗಿ. ಅಕ್ಕ ಅವನ್ನೇ ನೋಡುತ್ತಿದ್ದಳು.

"ರಾಟೆ ಕೆಟ್ಟಾಗ ಬರೀ ಹಗ್ಗದಲ್ಲೇ ಸೇದ್ತಿದ್ವಲ್ಲ," ಎಂದಳು. "ಅಮ್ಮನ ಅಂಗೈ ನೆನಪಿದ್ಯಾ ನಿಂಗೆ?"

ನೆನಪಿತ್ತು. ಜಡೆ ಹಾಕುವಾಗ ಆ ಅಂಗೈಗೆ ನನ್ನ ಕೂದಲು ಸಿಕ್ಕಿಕೊಳ್ಳುತ್ತಿತ್ತು.

ಬಿಲ್ಡರ್ ಅಲ್ಲೇ ಇದ್ದರು. ಕಾಂಕ್ರೀಟಿನ ಗಾಡಿ ಗೇಟಿನ ಬಳಿ ಬಂದು ನಿಂತು ಸದ್ದು ಮಾಡುತ್ತಿತ್ತು. ಅವರು ಡ್ರೈವರಿಗೆ ಸ್ವಲ್ಪ ನಿಲ್ಲುವಂತೆ ಕೂಗಿ, ನಮಗೆ "ನೋಡಿ ಅಮ್ಮ, ಅವಸರ ಇಲ್ಲ" ಎಂದರು. ಅಕ್ಕ ಇನ್ನಷ್ಟು ಹೊತ್ತು ನೋಡಿದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, "ಸಾಕು, ಮುಚ್ಚಿ. ಮಕ್ಕಳಿರೋ ಮನೆ," ಎಂದಳು.

ಕಾಂಕ್ರೀಟ್ ಇಳಿಯುವಾಗ ನಾನು ಎಂಜಿನಿಯರಾಗಿಯೇ ನಿಂತಿದ್ದೆ. ಪದರ ಪದರವಾಗಿ ಹಾಕಿಸಿದೆ, ಗಾಳಿ ನಿಲ್ಲದಂತೆ ವೈಬ್ರೇಟರ್ ಹಿಡಿಸಿದೆ, ನೀರು ಹೆಚ್ಚು ಬೆರೆಸದಂತೆ ನೋಡಿಕೊಂಡೆ. ಒಂದು ಹಂತದಲ್ಲಿ ಹಗ್ಗದ ಕಚ್ಚುಗಳು ಮುಚ್ಚಿಹೋದವು. ಆಗ ಕತ್ತೆತ್ತಿ ನೋಡಿದರೆ ಅಕ್ಕ ಹೊರಗೆ ಕಾಂಪೌಂಡಿನ ಬಳಿ ಬಿಲ್ಡರಿಗೆ ಬೆಳಕಿಂಡಿ ತೋರಿಸಿ ಏನೋ ಹೇಳುತ್ತಿದ್ದಳು, ಅವರು ಕೈಕಟ್ಟಿ ಕೇಳುತ್ತಿದ್ದರು.

ಕೆಲಸ ಮುಗಿದ ಮೇಲೂ ಒಂದು ಮಳೆಗಾಲ ಪೂರ್ತಿ ಕಾಯೋಣ ಎಂದೆ. ಯಾರೂ ಬೇಡವೆನ್ನಲಿಲ್ಲ. ಮೂರು ಗಾಜಿನ ಪಟ್ಟಿ ಇಟ್ಟೆವು. ಊರೆಲ್ಲ ನೀರು ನಿಂತು ಸಿಲ್ಕ್ ಬೋರ್ಡ್ ಕಡೆ ಬಸ್ಸುಗಳು ಕೆಟ್ಟು ನಿಂತ ಮಳೆಯೂ ಬಂದು ಹೋಯಿತು. ಗಾಜು ಮೂರೂ ಹಾಗೇ ಇದ್ದವು. ದೀಪಾವಳಿ ಕಳೆದು ನೋಂದಣಿಯಾಯಿತು. ನಾನು ಕೊನೆಯ ವರದಿಯಲ್ಲಿ ಆ ಕೋಣೆಯ ಎದುರು "ಸರಿಯಿದೆ" ಎಂದು ಬರೆದೆ. ಗೃಹಪ್ರವೇಶದ ದಿನ ಬೇರೆ ಕೆಲಸವಿತ್ತು, ಹೋಗಲಾಗಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಹೆಂಡತಿ ಫೋನ್ ಮಾಡಿದರು. ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿದೆ, ಯಾರನ್ನು ಕರೆಯಲಿ ಎಂದು. ಬನಶಂಕರಿಯ ನಮ್ಮ ಮನೆಯಿಂದ ಎಷ್ಟು ಮಹಾ ದೂರ, ನಾನೇ ಹೋದೆ. ವಾಷರ್ ಸವೆದಿತ್ತು, ಬದಲಾಯಿಸಿದೆ. ಕಾಫಿ ಕುಡಿದು ಹೋಗಿ ಎಂದರು. ಗಂಡ ಇನ್ನೂ ಅಂಗಡಿಯಿಂದ ಬಂದಿರಲಿಲ್ಲ.

ಹಿಂದಿನ ಕೋಣೆಯಲ್ಲಿ ಮಂಚ, ಒಂದು ಬೀರು, ಗೋಡೆಗೆ ಬಸವಣ್ಣನವರ ಪಟ. ಕಿಟಕಿಯ ಕೆಳಗೆ ಮಾತ್ರ ಏನೂ ಇಟ್ಟಿರಲಿಲ್ಲ, ಸಂಜೆ ಬಿಸಿಲು ಚೌಕವಾಗಿ ಬಿದ್ದಿತ್ತು. ನಾನು ಅಲ್ಲಿ ನೆಲದ ಮೇಲೆ ಕೂತೆ.

"ಅಯ್ಯೋ, ಕುರ್ಚಿ ತರ್ತೀನಿ ಇರಿ ಮೇಡಂ."

"ಬೇಡಮ್ಮ. ಇಲ್ಲೇ ಚೆನ್ನಾಗಿದೆ."

ಆಕೆ ಕಾಫಿ ಲೋಟ ಕೈಗೆ ಕೊಟ್ಟು, ಸ್ವಲ್ಪ ನಿಂತು, ಆಮೇಲೆ ಸೆರಗು ಸರಿಮಾಡಿಕೊಂಡು ನನ್ನ ಪಕ್ಕದಲ್ಲೇ ಕೂತರು. ಅಂಗೈಯಿಂದ ಟೈಲ್ಸ್ ಸವರಿದರು.

"ಯಾರ್ಯಾರು ಬರ್ತಿದ್ರು ಮೇಡಂ, ನೀರಿಗೆ?"

ಇಷ್ಟು ವರ್ಷದಲ್ಲಿ ಅದನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ಮೊದಲನೇ ಮನೆಯವರು ಬೆಳಗಾಗುವ ಮೊದಲೇ ಬರುತ್ತಿದ್ದರು, ಮಡಿ ನೀರಿಗೆ, ಎಂದು ಶುರುಮಾಡಿದೆ. ಎರಡನೇ ಮನೆಯ ಹೊಸ ಸೊಸೆಗೆ ಸೇದಲು ಬರುತ್ತಿರಲಿಲ್ಲ, ನಮ್ಮಮ್ಮನೇ ಕಲಿಸಿದಳು. ಮೂರನೇ ಮನೆಗೆ ಬರುವ ಹೊತ್ತಿಗೆ ಕಾಫಿ ಆರಿಹೋಗಿತ್ತು. ಆಕೆ ಎದ್ದು ಅದನ್ನು ಬಿಸಿ ಮಾಡಿಕೊಂಡು ಬಂದು, ಮತ್ತೆ ಕೂತು, "ಹ್ಞೂಂ, ಆಮೇಲೆ?" ಎಂದರು.